ಮುಂಡಿಗೆಯ ಹಸಿರು ಪೇಂಟ್: ಮನೆಯೊಳಗಿನ ಮರದ ಹಳೇ ಬಣ್ಣ ತೆಗೆಯೋದು ಹೇಗೆ?

ನಮ್ಮ ಗುಂಪಿನಲ್ಲಿ ಮೂವರು ಮಲೆನಾಡಿನವರು. ಒಬ್ಬ ಕೊಪ್ಪ ತಾಲ್ಲೂಕಿನವನು, ಒಬ್ಬಳು ಶೃಂಗೇರಿ ಕಡೆಯವಳು, ಇನ್ನೊಬ್ಬ ಎನ್.ಆರ್.ಪುರದವನು, ಅಂದ್ರೆ ನರಸಿಂಹರಾಜಪುರ. ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಊರಿನ ಮನೆಗಳ ಫೋಟೋ ನೋಡ್ತಾ ಕೂತಾಗ ಗೊತ್ತಾಯ್ತು, ಮೂರೂ ಮನೆಗಳ ಕಥೆ ಒಂದೇ. ಮುಂಡಿಗೆ, ದಾರಂದ, ಕಿಟಕಿ, ಚಾವಡಿಯ ಬೋದಿಗೆ ಎಲ್ಲದರ ಮೇಲೂ ದಪ್ಪ ಆಯಿಲ್ ಪೇಂಟ್. ಒಂದು ಕಡೆ ಹಸಿರು, ಒಂದು ಕಡೆ ತಿಳಿನೀಲಿ, ಇನ್ನೊಂದು ಕಡೆ ಚಾಕೊಲೇಟ್ ಬಣ್ಣ. ಒಳಗೆ ಹಲಸು, ಬೀಟೆ, ಹೊನ್ನೆ ಮರ ಇದೆ ಅಂತ ಮನೆಯವರು ಹೇಳಿದ್ರೆ ಮಾತ್ರ ಗೊತ್ತಾಗೋದು.

ಕೊಪ್ಪದ ಮನೆಯ ದೊಡ್ಡಪ್ಪನಿಗೆ ಈ ಪೇಂಟ್ ತೆಗೆಸಬೇಕು ಅಂತ ಆಸೆ ಹುಟ್ಟಿತ್ತು. "ಆಳಿಗೆ ಯಾಕೆ ದುಡ್ಡು ಕೊಡೋದು, ನಾವೇ ಮಾಡ್ತೀವಿ, ಇಂಜಿನಿಯರಿಂಗ್ ಓದ್ತಾ ಇದೀವಲ್ಲ" ಅಂತ ನಾವು ಬಾಯಿ ಹಾಕಿದೆವು. ಫೆಬ್ರವರಿಯಲ್ಲಿ ಅಡಿಕೆ ಕೆಲಸ ಮುಗಿದ ಮೇಲೆ ಹೋದೆವು. ಆಂಗಲ್ ಗ್ರೈಂಡರ್‌ಗೆ ಎಮರಿ ಡಿಸ್ಕ್ ಹಾಕಿ ಚಾವಡಿಯ ಮೊದಲ ಮುಂಡಿಗೆಗೆ ಹಿಡಿದೆವು. ಮುಕ್ಕಾಲು ಗಂಟೆಯಲ್ಲಿ ಅರ್ಧ ಮುಂಡಿಗೆ ಬೋಳಾಯ್ತು. ಮರದ ಮೈ ನೋಡಿ ಎಲ್ಲರೂ ಖುಷಿ.

ಆಮೇಲೆ ಕೆಳಗೆ ನೋಡಿದೆವು. ಕೆಂಪು ಗಾರೆ ನೆಲದ ಮೇಲೆ ಹಿಟ್ಟಿನ ಹಾಗೆ ಹಸಿರು ಧೂಳು. ಜಗಲಿ ಮೇಲೆ, ಒಣಗಲು ಹಾಕಿದ್ದ ಬಟ್ಟೆ ಮೇಲೆ, ನಮ್ಮ ಹುಬ್ಬಿನ ಮೇಲೆ. ಅದೇ ನೆಲದ ಮೇಲೆ ಅಕ್ಕನ ಒಂದೂವರೆ ವರ್ಷದ ಮಗು ಅಂಬೆಗಾಲಿಟ್ಟು ಬಂದು, ಅಂಗೈಯನ್ನು ಹಾಗೇ ಬಾಯಿಗೆ ಇಟ್ಟುಕೊಂಡಿತು. ಗ್ರೈಂಡರ್ ಕಿತ್ತ ಜಾಗದಲ್ಲಿ ಹಸಿರಿನ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ಗಾಢ ಹಳದಿ, ಎಲ್ಲಕ್ಕಿಂತ ಕೆಳಗೆ ಕಿತ್ತಳೆಗೆಂಪು ಪ್ರೈಮರ್ ಕಾಣ್ತಾ ಇತ್ತು. ಹಳದಿ, ಕಿತ್ತಳೆಗೆಂಪು. ನಮ್ಮಲ್ಲಿ ಒಬ್ಬಳಿಗೆ ಕೆಮಿಸ್ಟ್ರಿ ಕ್ಲಾಸು ನೆನಪಾಯ್ತು. ಗ್ರೈಂಡರ್‌ನ ಪ್ಲಗ್ ಕಿತ್ತಳು. ಈ ಲೇಖನ ಬರೆಯೋಕೆ ಕಾರಣ ಅದೇ.

ಹಳೇ ಪೇಂಟ್‌ನಲ್ಲಿ ಏನಿದೆ?

ಹಳೇ ಎನಾಮೆಲ್‌ನಲ್ಲಿ ಸೀಸ ಮೂರು ದಾರಿಯಲ್ಲಿ ಬರುತ್ತಿತ್ತು. ಗಾಢ ಹಳದಿಗೆ ಲೆಡ್ ಕ್ರೋಮೇಟ್, ಅದಕ್ಕೆ ನೀಲಿ ಬೆರೆಸಿದ್ರೆ ಸಿಗೋ ಹಸಿರಿನಲ್ಲೂ ಅದೇ. ಕಿತ್ತಳೆಗೆಂಪು ಪ್ರೈಮರ್‌ಗೆ ರೆಡ್ ಲೆಡ್. ಬಣ್ಣ ಯಾವುದೇ ಇರಲಿ, ಬೇಗ ಒಣಗಲಿ ಅಂತ ಬೆರೆಸೋ ಡ್ರೈಯರ್‌ನಲ್ಲೂ ಸೀಸದ ಲವಣ ಇರುತ್ತಿತ್ತು. ಭಾರತದಲ್ಲಿ ಮನೆ ಪೇಂಟ್‌ಗಳ ಸೀಸಕ್ಕೆ ಕಾನೂನಿನ ಮಿತಿ ಬಂದದ್ದು ತೀರಾ ಇತ್ತೀಚೆಗೆ. 2016ರಲ್ಲಿ ನಿಯಮ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಮಿತಿ 90 ಪಿಪಿಎಂ, ಅಂದ್ರೆ ಒಂದು ಕೆಜಿ ಒಣ ಪೇಂಟ್‌ನಲ್ಲಿ 90 ಮಿಲಿಗ್ರಾಂ. ಅದಕ್ಕಿಂತ ಹಿಂದೆ ಬಳಿದ ಯಾವ ಆಯಿಲ್ ಪೇಂಟನ್ನೂ ಪರೀಕ್ಷೆ ಮಾಡಿಸದೆ ನಂಬಬಾರದು. ನಾವು ಒಂದು ಚಕ್ಕೆಯನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದೆವು. ಉತ್ತರ 90ರ ಹತ್ತಿರ ಎಲ್ಲೂ ಇರಲಿಲ್ಲ. ಐದಂಕಿ.

ಒಂದು ಅಂದಾಜು ಲೆಕ್ಕ ಹಾಕೋಣ. ಮುಂಡಿಗೆಯ ಸುತ್ತಳತೆ 80 ಸೆಂ.ಮೀ., ಎತ್ತರ 2.4 ಮೀಟರ್. ಮೇಲ್ಮೈ ಸುಮಾರು 1.9 ಚದರ ಮೀಟರ್. ಐದು ಕೋಟ್ ಸೇರಿ 200 ಮೈಕ್ರಾನ್ ದಪ್ಪ, ಸಾಂದ್ರತೆ ಲೀಟರ್‌ಗೆ 1.5 ಕೆಜಿ ಅಂದ್ಕೊಂಡ್ರೆ ಒಂದು ಮುಂಡಿಗೆಯ ಮೇಲೆ ಅರ್ಧ ಕೆಜಿಗೂ ಹೆಚ್ಚು ಪೇಂಟ್ ಇದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸ ಇದ್ರೆ 5.7 ಗ್ರಾಂ. ಇದರಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಧೂಳಾಗಿ 20 ಚದರ ಮೀಟರ್ ಚಾವಡಿಯಲ್ಲಿ ಕೂತರೂ ಚದರ ಮೀಟರ್‌ಗೆ 285 ಮೈಕ್ರೋಗ್ರಾಂ ಆಯ್ತು. ಅಮೆರಿಕದವರು 2019ರಲ್ಲಿ ಮನೆಯ ನೆಲಕ್ಕೆ ಇಟ್ಟ ಮಿತಿ ಚದರ ಅಡಿಗೆ 10 ಮೈಕ್ರೋಗ್ರಾಂ, ಅಂದ್ರೆ ಚದರ ಮೀಟರ್‌ಗೆ ಸುಮಾರು 108. ಆಮೇಲೆ ಅದನ್ನ ಇನ್ನೂ ಬಿಗಿ ಮಾಡಿದ್ದಾರೆ. ಗ್ರೈಂಡರ್ ಹಿಡಿದಾಗ ಧೂಳಾಗೋದು ಸಾವಿರಕ್ಕೆ ಒಂದು ಪಾಲು ಅಲ್ಲ, ಪೂರ್ತಿ.

ಮಕ್ಕಳ ಕರುಳು ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದು ಹೊಡೆಯೋದು ಬೆಳೀತಿರೋ ಮೆದುಳಿಗೆ. ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟ ಯಾವುದೂ ಇಲ್ಲ. ಈ ವಿಷಯದಲ್ಲಿ ದೇಶಕ್ಕೆ ಮೊದಲು ಎಚ್ಚರಿಕೆ ಕೊಟ್ಟವರಲ್ಲಿ ಬೆಂಗಳೂರಿನವರೂ ಇದ್ದರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಬೇರೆ ಬೇರೆ ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಎಚ್ಚರಿಕೆಯ ಗೆರೆ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಈ ಕೆಲಸವನ್ನು ವರ್ಷಗಟ್ಟಲೆ ಮುಂದುವರಿಸಿದರು. 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸ ಹೋಯ್ತು. ಗೋಡೆ, ಬಾಗಿಲ ಮೇಲೆ ಆಗಲೇ ಬಳಿದದ್ದು ಮಾತ್ರ ಅಲ್ಲೇ ಉಳೀತು.

ಹಾಗಾಗಿ ಪೇಂಟ್ ಹೇಗೆ ಬೇಗ ತೆಗೆಯೋದು ಅಂತ ಹುಡುಕ್ತಾ ಹೊರಟವರು, ಅದನ್ನ ಧೂಳು ಮಾಡದೆ ಹೇಗೆ ತೆಗೆಯೋದು ಅಂತ ಹುಡುಕೋ ಹಾಗಾಯ್ತು. ಆ ದಿನ ಮಾತ್ರ ಉಳಿದ ಕೆಲಸ ನಿಲ್ಲಿಸಿ ನೆಲ ಒರೆಸಿದೆವು. ಪೊರಕೆ ಮುಟ್ಟಲಿಲ್ಲ, ಪೊರಕೆ ಧೂಳನ್ನು ಎಬ್ಬಿಸುತ್ತೆ ಅಷ್ಟೆ. ಒದ್ದೆ ಬಟ್ಟೆ, ಸೋಪಿನ ನೀರು, ಮತ್ತೆ ಬೇರೆ ನೀರು. ಎರಡು ದಿನ ಅದೇ ಕೆಲಸ. ಮಗುವನ್ನು ಅಜ್ಜಿ ಮನೆಗೆ ಕಳಿಸಿದರು, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೂ ಕೊಟ್ಟರು. ದೊಡ್ಡಪ್ಪ ನಮಗೆ ಏನೂ ಅನ್ನಲಿಲ್ಲ. ಅಂದಿದ್ರೆ ವಾಸಿ ಇತ್ತು.

ಮೊದಲು ನೀರು

ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ ಎಲ್ಲಕ್ಕಿಂತ ಬೇಜಾರಿನ ದಾರಿ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಎರಡು ಹನಿ ಸೋಪು ಹಾಕಿ ಪೇಂಟ್ ಮೇಲೆ ಸಿಂಪಡಿಸೋದು, ಹರಿತವಾದ ಸ್ಕ್ರೇಪರ್‌ನಿಂದ ನಾರಿನ ದಿಕ್ಕಿನಲ್ಲೇ ಎಳೆಯೋದು. ಚಕ್ಕೆ ಒದ್ದೆಯಾಗಿ ಕೆಳಗೆ ಹಾಸಿದ ಪ್ಲಾಸ್ಟಿಕ್ ಮೇಲೆ ಬೀಳುತ್ತೆ, ಹಾರೋದಿಲ್ಲ. ಕೊನೆಯ ನುಣುಪಿಗೆ ಪೇಂಟರ್‌ಗಳು ಬಳಸೋ ವಾಟರ್ ಪೇಪರ್, ಅದೂ ಒದ್ದೆ ಮಾಡಿಯೇ. ಮೂಲೆಗೆ ಸವೆದ ಉಳಿ, ಕೆತ್ತನೆಗೆ ಬಿದಿರಿನ ಕಡ್ಡಿಯನ್ನು ಚೂಪು ಮಾಡಿಕೊಂಡದ್ದು. ಬಿದಿರು ಮರವನ್ನು ಗೀರೋದಿಲ್ಲ.

ಈ ಉಪಾಯ ನಮಗೆ ಹೇಳಿಕೊಟ್ಟವರು ಶೃಂಗೇರಿ ಕಡೆಯ ಒಬ್ಬ ಆಚಾರ್ರು. ಸ್ಕ್ರೇಪರ್ ಯಾಕೆ ಕೆಲಸ ಮಾಡ್ತಾ ಇಲ್ಲ ಅಂತ ಕೇಳಿದ್ದಕ್ಕೆ, "ನೀವು ಬಲ ಹಾಕ್ತಾ ಇದೀರಿ ಮಾರಾಯ್ರೆ, ಅಲಗಿಗೆ ಸಾಣೆ ಹಾಕಿ" ಅಂದ್ರು. ಹತ್ತು ನಿಮಿಷಕ್ಕೊಮ್ಮೆ ಫೈಲ್‌ನಿಂದ ಅಂಚು ಹರಿತ ಮಾಡಿದ ಮೇಲೆ ಕೆಲಸದ ವೇಗ ನಿಜವಾಗಿಯೂ ಎರಡು ಪಟ್ಟು ಆಯ್ತು.

ಆ ಶೃಂಗೇರಿ ಮನೆಯಲ್ಲಿ ಒಂದು ವಿಚಿತ್ರ ನೋಡಿದೆವು. ಅಟ್ಟದ ಜಂತೆಗಳ ಮೇಲಿನ ಪೇಂಟ್ ಹಾಳೆ ಹಾಳೆಯಾಗಿ ಎದ್ದು ಬಂತು, ಕೆಳಗಡೆ ಇನ್ನೂ ಅಂಟಂಟು. ಅದರ ಕೆಳಗೆ ಗೆದ್ದಲಿಗೆ ಅಂತ ಹಿಂದೆ ಹಚ್ಚಿದ್ದ ಗೇರು ಎಣ್ಣೆ ಇತ್ತು. ಆಯಿಲ್ ಪೇಂಟ್ ಒಣಗೋದು ನೀರು ಆರಿ ಹೋದ ಹಾಗಲ್ಲ. ಅದರ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು, ಅಣು ಅಣು ಕೊಂಡಿ ಹಾಕಿಕೊಂಡು ಬಲೆಯಾಗುತ್ತೆ. ಗೇರು ಎಣ್ಣೆಯಲ್ಲಿರೋದು ಫೀನಾಲ್ ಜಾತಿಯ ವಸ್ತುಗಳು, ಅವು ಈ ಕೊಂಡಿ ಬೀಳೋದನ್ನೇ ತಡೆಯುತ್ತವೆ. ಬೀಟೆ ಮರದೊಳಗಿನ ಸಹಜ ರಸಗಳೂ ಇದೇ ಕೆಲಸ ಮಾಡುತ್ತವೆ. ಆದ್ರಿಂದ ಬೀಟೆ ಬಾಗಿಲ ಮೇಲೆ ಪೇಂಟ್ ಸಡಿಲ ಇದ್ರೆ ಬಿಸಿ, ರಾಸಾಯನಿಕ ಅಂತ ಓಡಬೇಡಿ, ಮೊದಲು ಬರೀ ಸ್ಕ್ರೇಪರ್ ಹಾಕಿ ನೋಡಿ. ಹಸಿ ಗೇರು ಎಣ್ಣೆ ಚರ್ಮ ಸುಡುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಳೆಯದಾದ್ರೂ ಗ್ಲೌಸ್ ಇರಲಿ.

ಬಿಸಿ

ಎನಾಮೆಲ್ ಮೇಣದ ಹಾಗೆ ಕರಗೋದಿಲ್ಲ, ಕೊಂಡಿ ಹಾಕಿಕೊಂಡ ಬಲೆ ಅಲ್ವಾ. ಆದ್ರೆ ಬಿಸಿಗೆ ರಬ್ಬರಿನ ಹಾಗೆ ಮೆತ್ತಗಾಗುತ್ತೆ, ಮರದ ಮೇಲಿನ ಹಿಡಿತ ಬಿಡುತ್ತೆ. ಹೀಟ್ ಗನ್ನನ್ನು ಎರಡು ಮೂರು ಇಂಚು ದೂರ ಹಿಡಿದು ಆಡಿಸ್ತಾ ಇರಬೇಕು, ಪೇಂಟ್ ಸಣ್ಣಗೆ ಉಬ್ಬಿದ ಕೂಡಲೇ ಸ್ಕ್ರೇಪರ್ ಹಿಂದೆಯೇ ಹೋಗಬೇಕು. ಪೇಂಟ್ ಪಟ್ಟಿ ಪಟ್ಟಿಯಾಗಿ ಬರುತ್ತೆ, ಧೂಳು ಕಡಿಮೆ. ಹೊಗೆ ಬಂತು ಅಂದ್ರೆ ಬಿಸಿ ಹೆಚ್ಚಾಯ್ತು ಅಂತ. ಸೀಸವಿರೋ ಪೇಂಟ್ ಮೇಲೆ ಸುಮಾರು 590 ಡಿಗ್ರಿ ಸೆಲ್ಸಿಯಸ್ ಮೀರಿದ ಹೀಟ್ ಗನ್ ಬಳಸಬಾರದು ಅಂತ ಅಮೆರಿಕದ ನಿಯಮ. ಆ ಬಿಸಿಯಲ್ಲಿ ಸೀಸ ಹೊಗೆಯಾಗಿ ಏಳುತ್ತೆ. ನಾವು ಕನಿಷ್ಠ ಸೆಟ್ಟಿಂಗ್‌ನಿಂದ ಶುರು ಮಾಡಿ, ಪೇಂಟ್ ಮೆತ್ತಗಾದ ಮಟ್ಟದಲ್ಲೇ ನಿಲ್ಲಿಸಿದೆವು. ಬ್ಲೋ ಲ್ಯಾಂಪ್ ಬೇಡವೇ ಬೇಡ. ಅದರ ಜ್ವಾಲೆ ಸಾವಿರ ಡಿಗ್ರಿ ದಾಟುತ್ತೆ.

ಮಲೆನಾಡಿನ ಕರೆಂಟ್ ಬಗ್ಗೆ ಒಂದು ಮಾತು. ಹೀಟ್ ಗನ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. 230 ವೋಲ್ಟಿಗೆ 2000 ವ್ಯಾಟ್ ಕೊಡೋ ಗನ್, ಸಂಜೆ 180ಕ್ಕೆ ಇಳಿದಾಗ ಬರೀ 1225 ವ್ಯಾಟ್. ಅಂದ್ರೆ ಶೇಕಡಾ 61. ಆಗ ಬೇಜಾರಾಗಿ ಸೆಟ್ಟಿಂಗ್ ಏರಿಸಿಬಿಡ್ತೀವಿ, ಮಧ್ಯೆ ವೋಲ್ಟೇಜ್ ವಾಪಸ್ ಬಂದಾಗ ಮರ ಕರಕಲು. ಕೊಪ್ಪದ ಎರಡನೇ ಮುಂಡಿಗೆಯ ಹಿಂಭಾಗದಲ್ಲಿ ಅದರ ಸಾಕ್ಷಿ ಇದೆ, ಹೋದವರು ನೋಡಬಹುದು. ಮಧ್ಯಾಹ್ನದ ಹೊತ್ತಿನಲ್ಲೇ ಮಾಡಿ.

ಹಳೇ ಮನೆಗಳಲ್ಲಿ ವೈರು ದಾರಂದದ ಪಕ್ಕದ ಮರದ ಪಟ್ಟಿಯಲ್ಲೇ ಹೋಗಿರುತ್ತೆ, ಆ ಲೈನಿನ ಫ್ಯೂಸ್ ಮೊದಲು ತೆಗೀರಿ. ಬಿರುಕಿನೊಳಗೆ ಜೇಡರ ಬಲೆ, ಹುಲ್ಲು, ಇಲಿ ಗೂಡು ಇರುತ್ತೆ. ಬಿಸಿ ಗಾಳಿ ಒಳಗೆ ಹೋದ್ರೆ ಬೆಂಕಿ ಕಾಣದ ಹಾಗೆ ಕೂತು, ರಾತ್ರಿ ಎದ್ದೀತು. ಕೆಲಸ ಮುಗಿದ ಮೇಲೆ ಒಂದು ಗಂಟೆ ಅಲ್ಲೇ ಕೂತು ಕಾಫಿ ಕುಡೀರಿ. ಬಕೆಟ್ ನೀರು ಪಕ್ಕದಲ್ಲಿರಲಿ.

ಕಾಸ್ಟಿಕ್ ಸೋಡ, ಅರಿಶಿನ

ಎನ್.ಆರ್.ಪುರದ ಮನೆಯಲ್ಲಿ ನಾವು ಜಾಣರಾಗಿದ್ದೇವೆ ಅಂದ್ಕೊಂಡಿದ್ದೆವು. ಆಯಿಲ್ ಪೇಂಟ್‌ನ ಬಲೆ ಎಸ್ಟರ್ ಕೊಂಡಿಗಳಿಂದ ಆದದ್ದು, ಕಾಸ್ಟಿಕ್ ಸೋಡ ಆ ಕೊಂಡಿಗಳನ್ನು ಕತ್ತರಿಸಿ ಸೋಪು ಮಾಡುತ್ತೆ. ಮನೆಯಲ್ಲಿ ಸೋಪು ಮಾಡೋ ಪ್ರಕ್ರಿಯೆಯೇ ಇದು. ಮೈದಾ ಅಂಟಿಗೆ ಕಾಸ್ಟಿಕ್ ಬೆರೆಸಿ ದಾರಂದಕ್ಕೆ ಮೆತ್ತಿದೆವು. ಒಂದು ಗಂಟೆಯಲ್ಲಿ ನಾಲ್ಕು ಪದರ ಲೋಳೆಯಾಗಿ ಬಂತು, ಸ್ಕ್ರೇಪರ್‌ಗೆ ಕೆಲಸವೇ ಇಲ್ಲ. ಅಷ್ಟರಲ್ಲಿ ಜೇನಿನ ಬಣ್ಣದ ಹಲಸಿನ ಮರ ಕಣ್ಣೆದುರೇ ಕಂದುಗಪ್ಪಾಯ್ತು.

ಹಲಸಿನ ತಿರುಳಿನ ಹಳದಿ ಮೊರಿನ್ ಅನ್ನೋ ಬಣ್ಣದ ವಸ್ತುವಿನಿಂದ ಬರೋದು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ಚಕ್ಕೆ ಕುದಿಸುತ್ತಿದ್ದದ್ದು ಇದಕ್ಕೇ. ಇಂಥ ವಸ್ತುಗಳು, ಟ್ಯಾನಿನ್‌ಗಳು ಕ್ಷಾರ ಸೋಕಿದ್ರೆ ಕಪ್ಪಾಗುತ್ತವೆ. ಕ್ಷಾರ ಹೆಚ್ಚು ಹೊತ್ತು ನಿಂತ್ರೆ ಮರದ ನಾರುಗಳನ್ನು ಹಿಡಿದಿಡೋ ಪದಾರ್ಥವೂ ಕರಗಿ, ಮೇಲ್ಮೈ ತೆಂಗಿನ ಜುಂಗಿನ ಹಾಗೆ ಎದ್ದು ನಿಲ್ಲುತ್ತೆ. ವಿನೆಗರ್ ಒರೆಸಿದ ಮೇಲೆ ಬಣ್ಣ ಸ್ವಲ್ಪ ತಿಳಿಯಾಯ್ತು, ಪೂರ್ತಿ ಬರಲಿಲ್ಲ. ಆ ಮನೆಯ ಅಮ್ಮಮ್ಮ ನೋಡಿ, "ನಮ್ ಕಾಲದಲ್ಲಿ ಹೊಗೆ ಹಿಡಿದು ಹೀಗೇ ಇತ್ತು ಬಿಡಿ" ಅಂತ ಸಮಾಧಾನ ಹೇಳಿದ್ರು.

ಕ್ಷಾರ ಪೂರ್ತಿ ಹೋಗಿದೆಯಾ ಅಂತ ನೋಡೋಕೆ ಲಿಟ್ಮಸ್ ಹುಡುಕಬೇಡಿ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದವನ್ನು ಒದ್ದೆ ಮರಕ್ಕೆ ಒತ್ತಿ. ಕೆಂಪಾದ್ರೆ ಕ್ಷಾರ ಇನ್ನೂ ಇದೆ, ಹಳದಿಯೇ ಉಳಿದ್ರೆ ಸರಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡೋ ಊರಿನವರು ನಾವು, ಇದು ಹೊಳೆಯೋಕೆ ಎರಡು ದಿನ ಬೇಕಾಯ್ತು. ಕ್ಷಾರ ಉಳಿದ ಮರದ ಮೇಲೆ ಹೊಸ ಪಾಲಿಶ್ ನಿಲ್ಲೋದಿಲ್ಲ.

ಕಾಸ್ಟಿಕ್‌ನ ದೊಡ್ಡ ತೊಂದರೆ ಕಣ್ಣಿಗೆ ಕಾಣೋದಿಲ್ಲ. ಸೀಸ ಆಮ್ಲಕ್ಕೂ ಕರಗುತ್ತೆ, ಬಲವಾದ ಕ್ಷಾರಕ್ಕೂ ಕರಗುತ್ತೆ. ತೊಳೆದ ನೀರಲ್ಲಿ ಸೀಸ ಚಕ್ಕೆಯಾಗಿ ಅಲ್ಲ, ಕರಗಿಯೇ ಇರುತ್ತೆ. ವಿನೆಗರ್ ನೀರಲ್ಲೂ ಅಷ್ಟೆ. ಆ ನೀರನ್ನ ಅಂಗಳಕ್ಕೆ ಚೆಲ್ಲಿದ್ರೆ ತೋಟಕ್ಕೆ, ತೋಟದ ಕಪ್ಪಿನಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಭದ್ರೆಗೋ. ನಮ್ಮ ಹಲವರ ಮನೆಯಲ್ಲಿ ಕುಡಿಯೋದು ಬಾವಿ ನೀರು. ಹಾಗಾಗಿ ಸೀಸ ಇದೆ ಅಂತ ಗೊತ್ತಿರೋ ಪೇಂಟಿಗೆ ಮನೆಯಲ್ಲಿ ಕಾಸ್ಟಿಕ್ ಬೇಡ ಅನ್ನೋದು ನಮ್ಮ ಅಭಿಪ್ರಾಯ. ಕಣ್ಣಿಗೆ ಹನಿ ಸಿಡಿದ್ರೆ ಏನಾಗುತ್ತೆ ಅನ್ನೋದಂತೂ ಬೇರೆಯೇ ಮಾತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಪೇಂಟ್ ರಿಮೂವರ್‌ಗಳಲ್ಲಿ ಡಬ್ಬಿ ಓದಿ. ಮೆಥಿಲೀನ್ ಕ್ಲೋರೈಡ್ ಅಂತಿದ್ರೆ ಮುಚ್ಚಿದ ಕೋಣೆಯಲ್ಲಿ ತೆರೆಯಲೇಬೇಡಿ. ಅದು 40 ಡಿಗ್ರಿಗೆಲ್ಲ ಕುದಿಯುತ್ತೆ, ಆವಿ ಗಾಳಿಗಿಂತ ಭಾರ, ದೇಹದೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ಸ್ನಾನದ ಕೋಣೆಯಲ್ಲಿ ಇದನ್ನ ಬಳಸಿ ಜನ ಸತ್ತ ಮೇಲೆ ಅಮೆರಿಕ 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರೋದನ್ನೇ ನಿಲ್ಲಿಸಿತು. ಎನ್-95 ಮಾಸ್ಕ್ ಧೂಳಿಗೆ ಸರಿ, ಆವಿಗೆ ಏನೂ ಮಾಡೋದಿಲ್ಲ. ಕರವಸ್ತ್ರವಂತೂ ಎರಡಕ್ಕೂ ಆಗೋದಿಲ್ಲ.

ಎಲ್ಲವನ್ನೂ ತೆಗೆಯಬೇಕಾ?

ಇದು ನಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ. ಗಟ್ಟಿಯಾಗಿ ಕೂತ ಪೇಂಟ್ ಯಾರಿಗೂ ತೊಂದರೆ ಕೊಡೋದಿಲ್ಲ. ಉಜ್ಜುವ ಜಾಗ, ಏಳುವ ಜಾಗ, ಮಗು ಕಚ್ಚುವ ಜಾಗ ಇವೇ ಮುಖ್ಯ: ಬಾಗಿಲು ದಾರಂದಕ್ಕೆ ತಾಗೋ ಅಂಚು, ಕಿಟಕಿಯ ಕೆಳಪಟ್ಟಿ, ಹೊಸಿಲು, ಜೋಕಾಲಿಯ ಹಲಗೆ. ಅಲ್ಲಿ ಮಾತ್ರ ತೆಗೆದು, ಮಿಕ್ಕಿದ್ದನ್ನು ಒದ್ದೆ ವಾಟರ್ ಪೇಪರ್‌ನಿಂದ ಹಗುರವಾಗಿ ಒರಟು ಮಾಡಿ, ಹೊಸ ಸೀಸರಹಿತ ಪೇಂಟಿನಡಿ ಮುಚ್ಚಿಬಿಡಬಹುದು. ಮನೆಯಲ್ಲಿ ಸಣ್ಣ ಮಗುವೋ ಬಸುರಿಯೋ ಇದ್ರೆ ಈ ದಾರಿಯೇ ವಾಸಿ. ಪೂರ್ತಿ ತೆಗೀಲೇಬೇಕು ಅಂದ್ರೆ ಅವರು ಆ ದಿನಗಳಲ್ಲಿ ಬೇರೆ ಮನೆಯಲ್ಲಿರಲಿ, ಕೆಲಸ ಮಾಡೋರು ಬಟ್ಟೆ ಬದಲಿಸಿ, ತಲೆಗೂ ಸ್ನಾನ ಮಾಡಿಯೇ ಮಗು ಮುಟ್ಟಲಿ. ಕಳಚಿ ಬರೋ ಬಾಗಿಲು, ಕಿಟಕಿಗಳನ್ನು ಅಂಗಳಕ್ಕೆ ತಂದು ಟಾರ್ಪಾಲಿನ ಮೇಲೆ ಮಾಡಿದ್ರೆ ಅರ್ಧ ಚಿಂತೆ ಕಡಿಮೆ.

ಕಾಲ ಅಂದ್ರೆ ಜನವರಿಯಿಂದ ಏಪ್ರಿಲ್. ಮಳೆಗಾಲದಲ್ಲಿ ಶೃಂಗೇರಿ ಕಡೆ ಗಾಳಿಯ ತೇವ ಶೇಕಡಾ 90 ಇರೋವಾಗ ಮರದೊಳಗಿನ ನೀರು ಶೇಕಡಾ 20ರ ಹತ್ತಿರ ಹೋಗುತ್ತೆ. ಬಾಗಿಲು ಊದಿಕೊಂಡು ಹಾಕೋಕೂ ಬರಲ್ಲ ತೆಗೆಯೋಕೂ ಬರಲ್ಲ. ಆಗ ಬಳಿದದ್ದು ನಿಲ್ಲೋದೂ ಇಲ್ಲ. ಪೇಂಟ್ ಹೋದ ಮರಕ್ಕೆ ನಾವು ಅಗಸೆ ಎಣ್ಣೆ ಹಚ್ಚಿದೆವು, ತೆಳ್ಳಗೆ ಮೂರು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ನೀರಲ್ಲಿ ನೆನೆಸಿ ಬಿಡಿಸಿ ಹರವಿ.

ಇನ್ನೊಂದು ವಿಷಯ, ಬಚ್ಚಲ ಒಲೆ. ಹಳೇ ಬಾಗಿಲು ಮುರಿದ್ರೆ, ದಾರಂದ ಬದಲಾಯಿಸಿದ್ರೆ ಹಲಗೆಗಳು ಸೀದಾ ಹಂಡೆಯ ಅಡಿಗೆ ಹೋಗೋದು ನಮ್ಮ ಎಲ್ಲ ಮನೆಗಳಲ್ಲೂ ರೂಢಿ. ಪೇಂಟ್ ಸುಟ್ಟಾಗ ಸೀಸದ ಒಂದು ಪಾಲು ಹೊಗೆಗೆ, ಮಿಕ್ಕಿದ್ದು ಬೂದಿಗೆ. ಆ ಬೂದಿ ಪಾತ್ರೆ ತಿಕ್ಕೋಕೆ, ಬಸಳೆ ಬುಡಕ್ಕೆ. ನಮ್ಮ ಗ್ರೈಂಡರ್ ಒಂದು ದಿನದ ತಪ್ಪು. ಇದು ವರ್ಷಗಟ್ಟಲೆ ಯಾರಿಗೂ ಗೊತ್ತಾಗದೆ ನಡೆಯೋದು. ಮನೆಗೆ ಫೋನ್ ಮಾಡಿದಾಗ ಇದೊಂದನ್ನ ಹೇಳಿ.

ಕೊಪ್ಪದ ಚಾವಡಿಯ ಮೊದಲ ಮುಂಡಿಗೆ ಈಗಲೂ ಅರ್ಧ ಮರ, ಅರ್ಧ ಹಸಿರು. ಅಂಚನ್ನು ಒದ್ದೆ ಮಾಡಿ ನಯಗೊಳಿಸಿ, ಹಾಗೇ ಬಿಡಿ ಅಂದ್ರು ದೊಡ್ಡಪ್ಪ. ಹೊಸಿಲು, ಕಿಟಕಿಗಳ ಪೇಂಟ್ ಮಾತ್ರ ತೆಗೆದಿದ್ದೇವೆ. ಮಗುವಿನ ಪರೀಕ್ಷೆಯನ್ನು ಡಾಕ್ಟರು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿದರು, ಎರಡನೇ ಸಲ ಇಳಿದಿತ್ತು. ಕಿತ್ತ ಚಕ್ಕೆಗಳು ಎರಡು ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ಟೇಪ್ ಸುತ್ತಿ, "ಸೀಸ ಇದೆ, ಸುಡಬೇಡಿ, ಚೆಲ್ಲಬೇಡಿ" ಅಂತ ದಪ್ಪಕ್ಷರದಲ್ಲಿ ಬರೆದು ಅಟ್ಟದ ಮೇಲೆ ಇಟ್ಟಿದ್ದೇವೆ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳೋ ಜಾಗಕ್ಕೆ ಮುಂದಿನ ರಜೆಯಲ್ಲಿ ಒಯ್ಯಬೇಕು.